ಹತ್ತು ಅಡಿ ದೂರದ ಗುರುಶಾಂತಮ್ಮ

ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು. ಕಾಲುವೆ ನೀರಿನ ಭತ್ತ ಕೊಯ್ಲಾಗಿ ಬಾಗಲವಾಡದ ಕಡೆಯ ಬಂಡಿಗಳು ಬೆಳಗಿನ ಮಂಜಿನಲ್ಲೇ ಮಾನ್ವಿಯ ಶಂಭುಲಿಂಗಪ್ಪನ ಅಕ್ಕಿ ಗಿರಣಿಯ ಮುಂದೆ ಸಾಲುಗಟ್ಟಿ ನಿಂತಿದ್ದವು. ಗಿರಣಿಯ ಸಿಮೆಂಟಿನ ಅಂಗಳದ ತುಂಬ ಕುದಿಸಿದ ಭತ್ತ ಹರಡಿತ್ತು. ಹೆಣ್ಣಾಳುಗಳು ಸೀರೆ ಮೊಳಕಾಲಿಗೆ ಎತ್ತಿಕಟ್ಟಿ, ಬರಿಗಾಲಿನಲ್ಲಿ ಉದ್ದಕ್ಕೂ ಗೆರೆ ಎಳೆಯುತ್ತ ಅದನ್ನು ಬಿಸಿಲಿಗೆ ಹೊರಳಿಸುತ್ತಿದ್ದರು. ಅಂಗಳದ ಆಚೆ ತುದಿಯಲ್ಲಿ ಹಂಗಾಮಿನ ಮೊದಲ ರಾಶಿ ಆಳೆತ್ತರಕ್ಕೆ ನಿಂತಿತ್ತು. ಅದು ಶಂಭುಲಿಂಗಪ್ಪನ ಸ್ವಂತ ಹೊಲದ್ದು. ವಿಭೂತಿ ಹಚ್ಚಿ, ನೆತ್ತಿಗೆ ಚೆಂಡು ಹೂ ಏರಿಸಿ, ಸೋಮವಾರದ ತನಕ ಯಾರೂ ಮುಟ್ಟಬಾರದೆಂದು ಸುತ್ತಲೂ ಬೂದಿಯ ಗೆರೆ ಎಳೆದಿದ್ದರು.

ಎಂಟು ಗಂಟೆಗೆ ತಾಯಣ್ಣ ಮಾಸ್ತರ ಗೇಟಿನೊಳಗೆ ಕಾಲಿಟ್ಟ. ಊರ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಪಾಠ ಹೇಳುವ, ಮೂವತ್ತರ ಆಸುಪಾಸಿನ, ಜೋಳದ ದಂಟಿನಂಥ ಆಳು. ಎದೆಗೆ ಅವಚಿಕೊಂಡಿದ್ದ ಚೀಲದಲ್ಲಿ ಹಳೆಯ ಕ್ಯಾಮೆರಾ ಇತ್ತು. ಅದರ ಮೂತಿಗೆ ತಿರುವಿ ಕೂಡಿಸಿದ ಎಂಬತ್ತೈದು ಮಿಲಿಮೀಟರಿನ ಲೆನ್ಸು ಮಾತ್ರ ಹೊಚ್ಚ ಹೊಸದು. ಕ್ಯಾಮೆರಾ ಅವನದು. ಲೆನ್ಸು ಅವನದಲ್ಲ. ಅದನ್ನು ತನ್ನದಾಗಿಸಿಕೊಳ್ಳಲಿಕ್ಕೆ ಅವನಿಗೆ ಇದ್ದದ್ದು ಇದೊಂದೇ ದಿನ.

ಕತೆ ಶುರುವಾದದ್ದು ಹಿಂದಿನ ಐತ್ವಾರ, ರಾಯಚೂರಿನಲ್ಲಿ. ತೀನ್ ಕಂದೀಲ್ ಹತ್ತಿರ ಅಮೀರ್ ಸಾಬರ ಫೋಟೋ ಸ್ಟುಡಿಯೊ. ಅದರ ಮುಂದಿನ ಬೆಂಚಿನ ಮೇಲೆ ಪ್ರತಿ ಐತ್ವಾರ ಮಧ್ಯಾಹ್ನ ನಾಲ್ಕು ಮಂದಿ ಸೇರುತ್ತಿದ್ದರು. ಒಬ್ಬರು ಅಮೀರ್ ಸಾಬ್. ಮೂವತ್ತು ವರ್ಷ ಮದುವೆ ಫೋಟೋ ತೆಗೆದು, ಜಗತ್ತಿನಲ್ಲಿ ಯಾರೂ ನಿಜವಾಗಿ ನಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದವರು. ಇನ್ನೊಬ್ಬರು ತಾರ್ ಆಫೀಸಿನಿಂದ ನಿವೃತ್ತರಾದ ಅಬ್ದುಲ್ ವಹೀದ್. ಅವರು ಫೋಟೋ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ವಿಲಾಯತಿಯ ಹಳೆಯ ಫೋಟೋ ಮ್ಯಾಗಜಿನ್ನುಗಳನ್ನು ಓದಿ ಓದಿ, ಕಿಸೆಯಲ್ಲಿ ರಟ್ಟಿನ ಚೌಕಟ್ಟೊಂದನ್ನು ಇಟ್ಟುಕೊಂಡು ತಿರುಗುತ್ತಿದ್ದರು. ಯಾರದೇ ಫೋಟೋ ಕೊಟ್ಟರೂ ಚೌಕಟ್ಟನ್ನು ಅದರ ಮೇಲೆ ಸರಿಸಾಡಿಸಿ, "ಇಷ್ಟು ಕತ್ತರಿಸ್ರಿ, ಇಷ್ಟು ಉಳಿಸ್ರಿ" ಅನ್ನುವರು. ಕಡೆಗೆ ಉಳಿಯುವುದು ಅಂಚೆ ಚೀಟಿಯಷ್ಟು. ಮೂರನೆಯವನು ಶಂಭುಲಿಂಗಪ್ಪ. ಕುವೈತಿನಲ್ಲಿದ್ದ ಅವನ ಹೆಂಡತಿಯ ತಮ್ಮ ವರ್ಷಕ್ಕೊಂದು ಲೆನ್ಸು ತರುತ್ತಿದ್ದ. ಶಂಭುಲಿಂಗಪ್ಪ ಅವನ್ನು ಗಾಜಿನ ಅಲಮಾರಿಯಲ್ಲಿಟ್ಟು ಮೆತ್ತನೆ ಬಟ್ಟೆಯಿಂದ ಒರಸುತ್ತಿದ್ದ. ಆ ಲೆನ್ಸುಗಳ ಫೋಟೋ ತೆಗೆಯಲಿಕ್ಕೆಂದೇ ಇನ್ನೊಂದು ಲೆನ್ಸು ತರಿಸಿದ್ದ. ಬೇರೆ ಯಾವ ಫೋಟೋವನ್ನೂ ಅವನು ತೆಗೆದಿರಲಿಲ್ಲ.

ನಾಲ್ಕನೆಯವನು ತಾಯಣ್ಣ. ಅವನಿಗಿದ್ದ ಒಂದೇ ಲೆನ್ಸಿಗೆ ಮಳೆಗಾಲದಲ್ಲಿ ಬೂಸಲು ಹತ್ತಿತ್ತು. ಹೀಗಾಗಿ ಅವನ ಫೋಟೋಗಳಲ್ಲಿ ವರ್ಷವಿಡೀ ಮಂಜು ಬಿದ್ದಿರುತ್ತಿತ್ತು. ಆ ಐತ್ವಾರ ಅವನು ಎಮ್ಮೆಯೊಂದರ ಫೋಟೋ ತೋರಿಸಿದಾಗ ವಹೀದ್ ಸಾಬರು ಬಹಳ ಹೊತ್ತು ನೋಡಿ, "ಎಮ್ಮಿ ಚಲೋ ಅದ. ಫೋಟೋ ಚಲೋ ಇಲ್ಲ" ಅಂದಿದ್ದರು.

"ಲೆನ್ಸ್ ಚಲೋ ಇದ್ರ ನಾನೂ ತೆಗಿತೀನ್ರಿ," ಅಂದ ತಾಯಣ್ಣ. ಅವನ ಕಣ್ಣು ಶಂಭುಲಿಂಗಪ್ಪನ ತೊಡೆಯ ಮೇಲಿದ್ದ ಎಂಬತ್ತೈದರ ಮೇಲೆ ನೆಟ್ಟಿತ್ತು. ದಸರೆಯಲ್ಲಿ ಒಂದೇ ಒಂದು ತಾಸು ಅದು ಅವನ ಕೈಗೆ ಸಿಕ್ಕಿತ್ತು. ಅವತ್ತಿನಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಶಂಭುಲಿಂಗಪ್ಪನಿಗೆ ಆ ದಿನ ಧಾರಾಳತನ ಬಂತು. "ಹಂಗಾದ್ರ ಕೇಳು ಮಾಸ್ತರ. ನಮ್ಮವ್ವಗ ಎಂಬತ್ತು ಆತು, ಒಂದು ಫೋಟೋ ಇಲ್ಲ. ನಾ ತೆಗಿತೀನಂದ್ರ 'ನೀ ಬರೇ ಡಬ್ಬಿ ಒರಸಾಂವ' ಅಂತಾಳ. ನೀ ತಗಿ. ಅವ್ವಗೂ ಸೇರಬೇಕು, ಈ ಬೆಂಚಿಗೂ ಸೇರಬೇಕು. ಎರಡೂ ಕಡೆ ಹೌದಂದ್ರ ಲೆನ್ಸು ನಿಂದ. ಬರೂ ಐತ್ವಾರ ಹೊತ್ತು ಮುಣುಗೂದ್ರಾಗ. ಇಲ್ಲಾಂದ್ರ ನನ್ನ ಲೆನ್ಸು ನನ್ನ ಅಲಮಾರಿಗೆ."

ವಹೀದ್ ಸಾಬರು ಕೂಡಲೆ ಉಪದೇಶಕ್ಕೆ ಇಳಿದರು. "ನೋಡ್ರಿ ಮಾಸ್ತರ್, ಜೂಮ್ ಲೆನ್ಸ್ ಅಂದ್ರ ಕುಂತಲ್ಲೇ ಉಣ್ಣಾವರದು. ಇದು ಪ್ರೈಮ್ ಲೆನ್ಸ್. ತಾನು ಹಿಂದ ಮುಂದ ಸರಿಯೂದಿಲ್ಲ. ನೀವು ಸರೀಬೇಕು. ಹತ್ತಡಿಗೆ ನಿಂದ್ರಿ, ಲೆನ್ಸಿನ ಕಿಂಡಿ ಪೂರಾ ತಗೀರಿ. ಮುಖ ಕನ್ನಡಿ ಹಂಗ, ಹಿಂದಿಂದೆಲ್ಲಾ ಬೆಣ್ಣಿ ಹಂಗ ಕರಗಿ ಹೋಗಬೇಕು. ಹಿಂದ ಒಂದು ಕಡ್ಡಿ ಕಂಡ್ರೂ ನಾ ಒಪ್ಪೂದಿಲ್ಲ."

ವಾರವಿಡೀ ತಾಯಣ್ಣ ಕಡ ತಂದ ಆ ಲೆನ್ಸಿನಲ್ಲಿ ಅಭ್ಯಾಸವೆಂದು ಕಾಗೆ, ಕೊಡ, ಕರೆಂಟಿನ ಕಂಬಗಳ ಫೋಟೋ ತೆಗೆದ. ಐತ್ವಾರ ಬೆಳಿಗ್ಗೆ ಎಣಿಸಿದರೆ ರೋಲಿನಲ್ಲಿ ಉಳಿದದ್ದು ಮೂರೇ ಮೂರು. ಮಾನ್ವಿಯಲ್ಲಿ ಕಪ್ಪುಬಿಳುಪಿನ ರೋಲು ಸಿಗುವ ಅಂಗಡಿ ಇರಲಿಲ್ಲ.

ಗಿರಣಿಗೆ ತಗುಲಿದಂತೆಯೇ ಮನೆ. ಮನೆಯ ಕಟ್ಟೆಯ ಮೇಲೆ ಶಂಭುಲಿಂಗಪ್ಪನ ತಾಯಿ ಗುರುಶಾಂತಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಹಸನು ಮಾಡುತ್ತಿದ್ದಳು. ಕಣ್ಣು ಎಲ್ಲೋ ಇತ್ತು, ಬೆರಳು ಮಾತ್ರ ಅಕ್ಕಿಯೊಳಗೆ ಕಲ್ಲು ಹಳ್ಳು ಹುಡುಕುತ್ತಿದ್ದವು.

"ಶರಣ್ರಿ ಯವ್ವಾ."

"ಬಾ ತಮ್ಮಾ. ಗೇಟಿನಾಗ ಇದ್ದಾಗ ಮಾಸ್ತರ ಅಂತ ಗುರ್ತು ಸಿಕ್ಕಿ ನೋಡು. ಹತ್ರ ಬಂದಿ, ಮಸಕಾದಿ."

"ಚಾಳೀಸು ಹಾಕ್ಕೋರಿ ಅಂದ್ರ ಕೇಳೂದಿಲ್ಲ ಯವ್ವಾರು," ಅಂದ ಈರಯ್ಯ. ಅವನು ಗಿರಣಿಯ ಗುಮಾಸ್ತ. ತನ್ನದಲ್ಲದ ಕೆಲಸ ಎಲ್ಲಿದ್ದರೂ ವಾಸನೆ ಹಿಡಿದು ಬರುವವನು.

"ಎರಡು ಮಾಡಿಸಿ ಕೊಟ್ಟಾನ ನನ್ನ ಮಗ. ಮೂಗಿನ ಮ್ಯಾಲ ನೊಗ ಹೇರಿದಂಗ ಆಗ್ತದ. ಒಂದು ಎಮ್ಮಿ ತುಳಿತು, ಒಂದು ನಾನೇ ತುಳಿದೆ." ಮುದುಕಿ ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿದಳು. "ನಿನ್ನೆ ಅನ್ನದಾಗ ಹಳ್ಳು ಸಿಕ್ಕು ಒಂದು ಹಲ್ಲು ಹೋತು. ಮೂರು ಉಳಿದಾವು. ಮನಿಗಿ ಕಳಸೂದೆಲ್ಲಾ ನಂಬರ್ ಒನ್ ಅಂತಾನ ಶಂಭ್ಯಾ. ಕೈಗೆ ನುಚ್ಚು ಹತ್ತಿದಂಗ ಆಗ್ತದ. ಕಣ್ಣಿಗೆ ಕಾಣೂದಿಲ್ಲ, ಏನಂತ ಮಾತಾಡ್ಲಿ?"

ಈರಯ್ಯನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ತಾಯಣ್ಣ ತಡಮಾಡಲಿಲ್ಲ. ಮುದುಕಿಯನ್ನು ಅವಳ ಬಡಿಗೆಯ ಸಮೇತ ಅಂಗಳದ ಅಂಚಿನ ಕುರ್ಚಿಯಲ್ಲಿ ಕೂಡಿಸಿ, ಹತ್ತು ಅಡಿ ಅಳೆದು ನಿಂತು, ಲೆನ್ಸಿನ ಬಳೆ ತಿರುವಿದ. ಕ್ಯಾಮೆರಾದ ಕಿಂಡಿಯೊಳಗೆ ಆ ಮುಖ ಎದ್ದು ಬಂತು. ಸುಕ್ಕಿನ ಒಂದೊಂದು ಗೆರೆಯೂ ಎಣಿಸುವಂತಿತ್ತು. ಹಿಂದಿನ ಗಿರಣಿ ಬೆಣ್ಣೆಯಾಗಿ ಕರಗಿತ್ತು. ಗುಂಡಿ ಒತ್ತಿದ.

"ತಡೀರಿ, ತಡೀರಿ, ಯವ್ವಾರ ವಿಭೂತಿ ಅಳಿಸ್ಯದ!" ಎಂದು ಈರಯ್ಯ ನುಗ್ಗಿದ್ದೂ ಅದೇ ಗಳಿಗೆ. ಮುಖದ ಮುಂದೆ ಅವನ ಮೊಳಕೈ ಬಂತು. ಒಂದು ಹೋಯಿತು.

"ಎಲ್ಲಾ ಬಂತೇನು ತಮ್ಮಾ?" ಅಂದಳು ಗುರುಶಾಂತಮ್ಮ.

"ಮುಖ ಬರ್ತದ್ರಿ ಯವ್ವಾ. ಇನ್ನೊಂದು ಸಲ ತೆಗಿತೀನಿ."

"ಬರೇ ಮುಖಾನ? ಉಳಿದದ್ದು ಎಲ್ಲಿ ಹೋಗ್ತದ?"

ಈರಯ್ಯ ಇದಕ್ಕಾಗಿಯೇ ಮೂರು ತಿಂಗಳಿಂದ ಕಾಯುತ್ತಿದ್ದವನಂತೆ ಶುರು ಮಾಡಿದ. "ಅದನ್ನೇ ಹೇಳ್ತೀನ್ರಿ ಯವ್ವಾ. ದಸರಿಗೆ ಇದೇ ಲೆನ್ಸಿನಾಗ ನನ್ನ ಫೋಟೋ ತೆಗೆದ್ರು ಇವರು. ಗಿರಣಿ ಬೋರ್ಡಿನ ಮುಂದ, ಪಟಗಾ ಸುತಗೊಂಡು ನಿಂತಿದ್ದೆ. ಫೋಟೋದಾಗ ನನ್ನ ಮೀಸಿ ಕೂದಲು ಎಣಿಸಬಹುದು, ಗಿರಣಿ ಮಾತ್ರ ಇಲ್ಲ! ಬೋರ್ಡಿಲ್ಲ! ಬೀಗರಿಗೆ ತೋರಿಸಿದ್ರ, ಇದ್ಯಾವ ಕೆರಿ ದಂಡಿ ಮ್ಯಾಲ ನಿಂತೀರಿ ಅಂತ ಕೇಳಿದ್ರು."

ಗುರುಶಾಂತಮ್ಮ ಹೌಹಾರಿದಳು. "ಶಿವ ಶಿವಾ! ಇದ್ದ ಗಿರಣಿನ ಅಳಸೂದಾ? ಹಂಗಾದ್ರ ಬ್ಯಾಡಪಾ. ಕೇಳು, ನನ್ನ ಫೋಟೋದಾಗ ನನ್ನ ಪಾದ ಕಾಣಬೇಕು. ಎರಡೂ ಕೈಯಾಗಿನ ಬಳಿ ಕಾಣಬೇಕು. ಸೊಸಿ ಚನ್ನಮಲ್ಲಮ್ಮ, ನಾಕು ಮಮ್ಮಕ್ಕಳು, ಎಮ್ಮಿ, ಗಿರಣಿ, ಗಿರಣಿ ಬೋರ್ಡು, ಮ್ಯಾಲಿನ ಹೊಗಿ ಕೊಳವಿ. ಒಂದು ಕಮ್ಮಿ ಆದ್ರೂ ನಾ ಒಪ್ಪೂದಿಲ್ಲ."

ಬೆಂಚಿಗೆ ಹಿಂದೆ ಒಂದು ಕಡ್ಡಿಯೂ ಕಾಣಬಾರದು. ಮುದುಕಿಗೆ ಹೊಗೆ ಕೊಳವೆಯ ತುದಿಯೂ ಕಾಣಬೇಕು. ತಾಯಣ್ಣ ಹಣೆ ಒರಸಿಕೊಂಡ. ಮೊದಲು ಮುದುಕಿಯನ್ನು ಒಲಿಸಿಕೊಳ್ಳೋಣ, ಆಮೇಲೆ ವಹೀದ್ ಸಾಬರ ರಟ್ಟಿನ ಚೌಕಟ್ಟಿನೊಳಗೆ ಬರೀ ಮುಖವನ್ನು ಹಿಡಿದು ತೋರಿಸಿದರಾಯಿತು ಎಂದು ಯೋಚಿಸಿದ. ಅರ್ಧ ತಾಸಿನಲ್ಲಿ ಎಲ್ಲರೂ ಬಂದು ನಿಂತರು. ಎಮ್ಮೆಯ ಕೊಂಬಿಗೆ ಎಣ್ಣೆ ಹಚ್ಚಿದ್ದಾಯಿತು. ಮಕ್ಕಳ ಮೂಗು ಒರಸಿದ್ದಾಯಿತು. ತಾಯಣ್ಣ ಕಣ್ಣನ್ನು ಕಿಂಡಿಗೆ ಅಂಟಿಸಿ ಹಿಂದೆ ಸರಿಯತೊಡಗಿದ.

ಹತ್ತು ಹೆಜ್ಜೆಗೆ ಮುದುಕಿಯ ಪಾದ ಬಂದವು. ಇಪ್ಪತ್ತಕ್ಕೆ ಸೊಸೆ ಬಂದಳು. ಇಪ್ಪತ್ತೈದಕ್ಕೆ ಎಮ್ಮೆಯ ಅರ್ಧ ಭಾಗ ಬಂತು.

"ಬಂತೇನು?" ಅಂತ ಅಲ್ಲಿಂದ ಮುದುಕಿ.

"ಎಮ್ಮಿ ಅರ್ಧ ಬಂದದ್ರಿ!"

"ಹಿಂದಕ ಹೋಗ್ರಿ, ಇನ್ನೂ ಹಿಂದಕ!" ಎಂದು ಈರಯ್ಯ ಲಾರಿ ಹಿಂದಕ್ಕೆ ಬಿಡಿಸುವ ಕ್ಲೀನರನಂತೆ ಕೈಬೀಸಿದ.

"ಮಾಸ್ತರ್ರೇ! ಚಪ್ಪಲಿ! ಚಪ್ಪಲೀರಿ!" ಎಂದು ಯಾರೋ ಕಿವಿಯ ಹತ್ತಿರವೇ ಚೀರಿದರು. ಅಂಗಳ ನೋಡಿಕೊಳ್ಳುವ ಹುಸೇನಪ್ಪ. ತಾಯಣ್ಣ ಬೆಚ್ಚಿಬಿದ್ದ ರಭಸಕ್ಕೆ ಕ್ಯಾಮೆರಾ ಆಕಾಶ ನೋಡಿತು, ಬೆರಳು ಗುಂಡಿ ಒತ್ತಿತು. ಎರಡನೆಯದೂ ಹೋಯಿತು. ಕೆಳಗೆ ನೋಡಿದರೆ ಹರಡಿದ ಭತ್ತದ ನಡುವೆ ಚಪ್ಪಲಿ ಕಾಲಿನಲ್ಲಿ ನಿಂತಿದ್ದ.

"ಸಾಲಿ ಕಲಸಾವ್ರು ನೀವು. ಉಣ್ಣೂ ನೆಲ್ಲಿನ ಮ್ಯಾಲ ಚಪ್ಪಲಿ ಕಾಲು ಇಡ್ತಾರೇನ್ರಿ? ಯವ್ವಾರು ನೋಡಿದ್ರ ನಿಮ್ಮನ್ನೂ ಬಿಡೂದಿಲ್ಲ, ನನ್ನನ್ನೂ ಬಿಡೂದಿಲ್ಲ," ಎಂದು ಹುಸೇನಪ್ಪ ಪಿಸುಗುಟ್ಟಿದ.

ತಪ್ಪಾಯಿತೆಂದು ತಾಯಣ್ಣ ಭತ್ತ ಮುಟ್ಟಿ ಕಣ್ಣಿಗೊತ್ತಿಕೊಂಡ. ಚಪ್ಪಲಿ ಕಳಚಿ, ಇಡಲು ಜಾಗ ಕಾಣದೆ ಕಂಕುಳಲ್ಲಿ ಸಿಕ್ಕಿಸಿಕೊಂಡ. ಮತ್ತೆ ಕಣ್ಣನ್ನು ಕಿಂಡಿಗೆ ಅಂಟಿಸಿದ. ಕಿಂಡಿಯೊಳಗೆ ಎಲ್ಲವೂ ಮಸುಕಾಗಿ ಕಂಡಿತು. ಕಣ್ಣಲ್ಲಿ ಹೊಟ್ಟಿನ ಧೂಳು ಬಿದ್ದಿದೆ ಎಂದುಕೊಂಡ. ಲೆನ್ಸಿನ ಬಳೆಯನ್ನು ಹತ್ತು ಅಡಿಗೆ ತಿರುವಿ ಇಟ್ಟದ್ದು, ಲೆನ್ಸಿನ ಕಿಂಡಿಯನ್ನು ಪೂರಾ ತೆರೆದದ್ದು, ಎರಡೂ ಹಾಗೇ ಇವೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಮಸುಕಿನಲ್ಲೇ ಲೆಕ್ಕ ಹಾಕುತ್ತ ಹಿಂದೆ ಹಿಂದೆ ನಡೆದ. ಎಮ್ಮೆ ಪೂರ್ತಿ ಬಂತು. ಗಿರಣಿಯ ಗೋಡೆ ಬಂತು. ಬೋರ್ಡಿನಂಥದ್ದೇನೋ ಬಂತು. ಹೊಗೆ ಕೊಳವೆಯ ತುದಿಯೊಂದು ಮಾತ್ರ ಬರಲೊಲ್ಲದು. ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಕಾಲ ಕೆಳಗಿನ ನೆಲ ಮೇಲೇರತೊಡಗಿತು. ಒಳ್ಳೆಯದೇ ಆಯಿತು, ಎತ್ತರದಿಂದ ಎಲ್ಲಾ ಹಿಡಿಸುತ್ತದೆ ಎಂದು ಇನ್ನೆರಡು ಹೆಜ್ಜೆ ಏರಿದ. ನೆಲ ಜಾರಿತು. ಮೊಳಕಾಲ ತನಕ ಹುಗಿದುಕೊಂಡ. ತೋಳು ಸಡಿಲಾಗಿ ಕಂಕುಳಿನ ಚಪ್ಪಲಿಗಳೆರಡೂ ಜಾರಿ, ರಾಶಿಯ ನೆತ್ತಿಯ ಚೆಂಡು ಹೂವಿನ ಪಕ್ಕದಲ್ಲಿ ಜೋಡಿಯಾಗಿ ಕೂತವು.

ಗುರುಶಾಂತಮ್ಮನಿಗೆ ಹತ್ತಿರದ್ದು ಮಸಕು. ಆದರೆ ದೂರದ ಕಣ್ಣು ಹದ್ದಿನದು.

"ಏ ಯಾರಾಂವ! ರಾಶಿ ಮ್ಯಾಲ ಚಪ್ಪಲಿ!"

ಗಿರಣಿಯ ಸದ್ದಿನಲ್ಲಿ ತಾಯಣ್ಣನಿಗೆ ಅದು ಕೇಳಲಿಲ್ಲ. ಅವನಿಗೆ ಕಂಡದ್ದಿಷ್ಟು: ಕಿಂಡಿಯೊಳಗಿನ ಮಂಜಿನಲ್ಲಿ ಕುರ್ಚಿ ಖಾಲಿಯಾಯಿತು. ಬಿಳಿಯದೊಂದು ಆಕಾರ ದೊಡ್ಡದಾಗುತ್ತ ಬಂತು. ಮತ್ತೂ ದೊಡ್ಡದಾಯಿತು. ಮಂಜಿನೊಳಗಿಂದ ಒಂದು ಬಡಿಗೆ ಬಂತು, ಅದರ ಹಿಂದೆ ಒಂದು ಕೈ, ಕೈಯ ಹಿಂದೆ ಒಂದು ಬಾಯಿ. ನೋಡನೋಡುತ್ತಿದ್ದಂತೆ ಇಡೀ ಗುರುಶಾಂತಮ್ಮ, ಮೂರು ಹಲ್ಲುಗಳ ಸಮೇತ, ಕನ್ನಡಿಯಷ್ಟು ನಿಚ್ಚಳವಾಗಿ ಎದುರು ನಿಂತಳು. ಹೆದರಿಕೆಗೆ ಬೆರಳು ತಾನಾಗಿ ಗುಂಡಿ ಒತ್ತಿತು. ಮೂರನೆಯದೂ ಮುಗಿಯಿತು. ರಾಶಿಯಿಂದ ಕಾಲು ಕಿತ್ತುಕೊಂಡು ತಿರುಗುವಷ್ಟರಲ್ಲಿ ಬಡಿಗೆಯ ಏಟು ಮೀನಖಂಡಕ್ಕೆ ಬಿತ್ತು.

ಮುಂದಿನ ಒಂದು ತಾಸು ತಾಯಣ್ಣ ರಾಶಿಯನ್ನು ಮೊದಲಿನಂತೆ ಏರಿಸಿ, ಮತ್ತೆ ಬೂದಿ ಗೆರೆ ಎಳೆದು, ಅಡ್ಡಬಿದ್ದು, ಕಿವಿ ಹಿಡಿದು ಐದು ಸಲ ಕೂತೆದ್ದ. ಅವನ ನಾಲ್ಕನೇ ಇಯತ್ತೆಯ ಇಬ್ಬರು ಶಿಷ್ಯರು ಮುದುಕಿಯ ಮೊಮ್ಮಕ್ಕಳೇ ಆಗಿದ್ದರು. ಅವರು ಗಟ್ಟಿಯಾಗಿ ಎಣಿಸಿದರು. ಆಮೇಲೆ ಗುರುಶಾಂತಮ್ಮನೇ ಕಟ್ಟೆಯ ಮೇಲೆ ಕೂಡಿಸಿ, ಮೀನಖಂಡಕ್ಕೆ ಬೆಣ್ಣೆ ಹಚ್ಚಿಸಿ, ಎರಡು ರೊಟ್ಟಿ, ಪುಂಡಿಪಲ್ಯ ಹಾಕಿಸಿದಳು.

"ಬಡದೆ ಅಂತ ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ಫೋಟೋ ಬಂತೇನು?"

"ಬಂತ್ರಿ ಯವ್ವಾ," ಅಂದ ತಾಯಣ್ಣ. ಏನು ಬಂದಿದೆ ಎಂದು ಹೇಳುವ ಧೈರ್ಯ ಆಗಲಿಲ್ಲ.

ಬಸ್ಸಿನಲ್ಲಿ ರಾಯಚೂರಿಗೆ ಹೋಗುವಾಗ ದಾರಿಯುದ್ದಕ್ಕೂ ಲೆನ್ಸಿಗೆ ಕೊನೆಯ ಸಲವೆಂಬಂತೆ ಕೈಯಾಡಿಸಿದ. ಅಮೀರ್ ಸಾಬರ ಕತ್ತಲೆ ಕೋಣೆಯಲ್ಲಿ ರೋಲು ತೊಳೆದು ನೋಡಿದರು. ಒಂದರಲ್ಲಿ ಮೊಳಕೈ, ಇನ್ನೊಂದರಲ್ಲಿ ಆಕಾಶ. ಮೂರನೆಯದನ್ನು ಕೆಂಪು ದೀಪದ ಕೆಳಗೆ ಕಾಗದಕ್ಕೆ ಇಳಿಸಿ ಔಷಧದ ತಟ್ಟೆಯಲ್ಲಿ ತೇಲಿಬಿಟ್ಟರು. ಮೊದಲು ಬಿಳಿ ಕಾಗದ. ಆಮೇಲೆ ಬೂದು ಬಣ್ಣದ ಹೊಗೆ. ತಾಯಣ್ಣ ಕಣ್ಣು ಮುಚ್ಚಿಕೊಂಡ.

"ಯಾ ಅಲ್ಲಾ!" ಅಂದರು ಅಮೀರ್ ಸಾಬ್.

ಬೆಂಚಿನ ಮೇಲೆ ಶಂಭುಲಿಂಗಪ್ಪನೂ ವಹೀದ್ ಸಾಬರೂ ಚಹ ಕುಡಿಯುತ್ತ ಕೂತಿದ್ದರು. ಅಮೀರ್ ಸಾಬ್ ಒದ್ದೆ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮುಂದಿಟ್ಟರು.

ಹಿಂದೆ ಎಲ್ಲಾ ಕರಗಿ ಬೆಣ್ಣೆಯಾಗಿತ್ತು. ಗಿರಣಿ ಮೋಡವಾಗಿತ್ತು, ಎಮ್ಮೆ ಮೋಡದ ನೆರಳಾಗಿತ್ತು, ಖಾಲಿ ಕುರ್ಚಿ ಕನಸಿನಂತಿತ್ತು. ಆ ಮೋಡವನ್ನು ಸೀಳಿಕೊಂಡು ಬಂದ ಗುರುಶಾಂತಮ್ಮ, ಸೆರಗು ಹಾರಿಸಿ, ಬಡಿಗೆ ಎತ್ತಿ, ಕಾಗದದಿಂದ ಹೊರಗೆ ಹೆಜ್ಜೆ ಇಡುವವಳಂತಿದ್ದಳು. ಅವಳ ಹಣೆಯ ವಿಭೂತಿಯ ಕಣ ಕಣವೂ ಕಾಣುತ್ತಿತ್ತು.

ವಹೀದ್ ಸಾಬರು ಕಿಸೆಯಿಂದ ರಟ್ಟಿನ ಚೌಕಟ್ಟು ತೆಗೆದರು. ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಮೇಲಕ್ಕೆ ಕೆಳಕ್ಕೆ ಆಡಿಸಿದರು. ಲೋಟದ ಚಹ ಆರಿಹೋಯಿತು. ಕಡೆಗೆ ಚೌಕಟ್ಟನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಒಂದು ನೂಲಿನಷ್ಟೂ ಕತ್ತರಿಸೂ ಹಂಗಿಲ್ಲ," ಎಂದು ಬೇಜಾರಿನಿಂದ ಹೇಳಿದರು. "ಮಾಸ್ತರ್, ಈ ಭಾವ ಹೆಂಗ ಹಿಡಿದ್ರಿ? ಬಹಳ ಹೊತ್ತು ಕಾಯ್ದಿರಬೇಕು."

"ಮೊಳಕಾಲ ತನಕ ಹುಗಿದುಕೊಂಡು ಕಾಯ್ದೀನ್ರಿ," ಅಂದ ತಾಯಣ್ಣ.

ಶಂಭುಲಿಂಗಪ್ಪ ಫೋಟೋ ನೋಡಿದ್ದೇ ತಡ, ಎರಡೂ ಕಾಲುಗಳನ್ನು ಬೆಂಚಿನ ಮೇಲೆ ಎಳೆದುಕೊಂಡಿದ್ದ. "ಈ ಬಡಿಗಿ ನನಗ ಗೊತ್ತದ," ಅಂದ ಮೆಲ್ಲಗೆ. "ನಾ ಮೂರನೇ ಇಯತ್ತಿ ಸಾಲಿ ತಪ್ಪಿಸಿದಾಗ ಇದೇ ಬಡಿಗಿ." ಅವನ ಕಣ್ಣು ಒದ್ದೆಯಾದವು. "ಬೆಂಚಿನ ಕಡಿಂದ ಹೌದು ಮಾಸ್ತರ. ಇನ್ನು ಅವ್ವ."

ಹೊತ್ತು ಇಳಿಯುವ ಮೊದಲೇ ಮುಟ್ಟಬೇಕೆಂದು ಮೂವರನ್ನೂ ಜೀಪಿನಲ್ಲಿ ತುಂಬಿಕೊಂಡ ಶಂಭುಲಿಂಗಪ್ಪ ಮಾನ್ವಿಗೆ ಓಡಿಸಿದ. ಇಂಥ ತೀರ್ಪನ್ನು ಬಿಟ್ಟಿರುವುದು ವಹೀದ್ ಸಾಬರಿಗೂ ಅಮೀರ್ ಸಾಬರಿಗೂ ಸಾಧ್ಯವಿರಲಿಲ್ಲ. ಇವರು ಬಂದಾಗ ಸೂರ್ಯ ಹೊಗೆ ಕೊಳವೆಯ ಪಕ್ಕಕ್ಕೆ ಇಳಿದಿದ್ದ. ಗುರುಶಾಂತಮ್ಮ ಕಟ್ಟೆಯ ಮೇಲೆ, ಪಕ್ಕದಲ್ಲಿ ಅದೇ ಮೊರ, ಅದೇ ಅಕ್ಕಿ.

ಫೋಟೋ ಕೈಗೆ ಕೊಟ್ಟರು. ಅವಳು ಅದನ್ನು ತಲೆಕೆಳಗಾಗಿ ಹಿಡಿದಳು. ಈರಯ್ಯ ತಿರುಗಿಸಿಕೊಟ್ಟ. ತೋಳು ಚಾಚಿ ದೂರ ಹಿಡಿದಳು, ಮೂಗಿನ ತನಕ ತಂದಳು.

"ಕರ್ರಗ, ಬೆಳ್ಳಗ ಏನೋ ಅದ. ನಾ ಎಲ್ಲಿದ್ದೀನಿ?"

"ನಡುವ ಇದ್ದೀರಿ ಯವ್ವಾ," ಎಂದು ಈರಯ್ಯ ಬಗ್ಗಿ ನೋಡಿ ವರದಿ ಒಪ್ಪಿಸಿದ. "ಬಡಿಗಿ ಎತ್ತೀರಿ. ಪಾದ ಇಲ್ರಿ. ಬಳಿ ಒಂದೇ ಕೈದು. ಎಮ್ಮಿ ಇಲ್ಲ, ಬೋರ್ಡಿಲ್ಲ, ಗಿರಣಿ ಅಂತೂ ನಾ ಹೇಳಿದ್ನಲ್ರಿ, ಇಲ್ಲವೇ ಇಲ್ಲ."

"ಗಿರಣಿ ಇಲ್ಲಂದ್ರ ನನಗ ಬ್ಯಾಡ," ಎಂದು ಮುದುಕಿ ಫೋಟೋ ಕೆಳಗಿಟ್ಟಳು.

ಶಂಭುಲಿಂಗಪ್ಪ ಲೆನ್ಸಿಗಾಗಿ ಕೈ ಚಾಚಿದ. ತಾಯಣ್ಣ ಅಡ್ಡ ಬಂದ. "ತಡೀರಿ, ತಡೀರಿ! ಯವ್ವಾರು ನೋಡೇ ಇಲ್ಲ. ಈರಯ್ಯ ನೋಡ್ಯಾನ. ಅವರ ಕಣ್ಲೇ ಅವರು ನೋಡ್ಲಿ!" ಎಂದವನೇ ಕ್ಯಾಮೆರಾದ ಮೂತಿಯಿಂದ ಎಂಬತ್ತೈದನ್ನು ತಿರುವಿ ಬಿಚ್ಚಿದ. ಬಿಚ್ಚಿದ ಲೆನ್ಸನ್ನು ಫೋಟೋದಿಂದ ನಾಲ್ಕು ಬೆರಳು ಮೇಲೆ ಹಿಡಿದು, "ಇದರಾಗಿಂದ ನೋಡ್ರಿ ಯವ್ವಾ," ಅಂದ.

ಗುರುಶಾಂತಮ್ಮ ಬಗ್ಗಿದಳು. ಹಾಗೇ ಇದ್ದಳು. ಅಂಗಳದ ಹೆಣ್ಣಾಳುಗಳೂ ಭತ್ತ ಗುಡ್ಡೆ ಹಾಕುವುದನ್ನು ನಿಲ್ಲಿಸಿದರು.

"ಅಯ್ಯ, ಹಲ್ಲು ನೋಡು! ಮೂರಂದ್ರ ಮೂರು!" ಎಂದು ಅವಳು ಇದ್ದಕ್ಕಿದ್ದಂತೆ ಕಿಲಕಿಲ ನಕ್ಕಳು. "ಸೆರಗು ಹೆಂಗ ಹಾರ್ಯದ! ಏನು ಸಿಟ್ಟಲೇ ಮುದುಕಿಗಿ!" ನಕ್ಕು ನಕ್ಕು ನಿಂತಳು. ದನಿ ಇಳಿಯಿತು. "ಇದು ನಮ್ಮವ್ವನ ಮುಖ ಶಂಭ್ಯಾ. ಆಕಿ ಸತ್ತು ನಲವತ್ತು ವರ್ಷ ಆತು. ನನ್ನ ಮುಖದಾಗ ಬಂದು ಕುಂತಾಳ, ನನಗ ಗೊತ್ತೇ ಇರಲಿಲ್ಲ."

"ಒಪ್ಪಿಗಿ ಏನವ್ವಾ?"

"ಒಪ್ಪಿಗಿ ಅಂದ್ರ! ದೇವರ ಜಗಲಿ ಪಕ್ಕದಾಗ ಹಾಕ್ರಿ."

ಶಂಭುಲಿಂಗಪ್ಪ ಮಾತಿಗೆ ತಪ್ಪುವವನಲ್ಲ. ಎಲ್ಲರ ಎದುರಿಗೇ ತಾಯಣ್ಣನ ಭುಜ ತಟ್ಟಿ, "ಲೆನ್ಸು ನಿಂದ ಮಾಸ್ತರ. ಇವತ್ತಿನಿಂದ ಎಂಬತ್ತೈದು ನಿಂದ," ಅಂದ. ವಹೀದ್ ಸಾಬರು ಕೈಕುಲುಕಿದರು. ಅಮೀರ್ ಸಾಬರು ನಕ್ಕರು. ಅದು ನಿಜವಾದ ನಗುವೇ ಆಗಿತ್ತು. ಚನ್ನಮಲ್ಲಮ್ಮ ಎಲ್ಲರಿಗೂ ಚಹ ತಂದಳು. ಆ ಒಂದು ಬಸಿ ಚಹ ಕುಡಿದು ಮುಗಿಸುವಷ್ಟು ಹೊತ್ತು ತಾಯಣ್ಣನಷ್ಟು ಸುಖಿ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ. ಗೂಗಲ್ ಎಂಬ ಹಳ್ಳಿಯ ಹೊಳೆದಂಡೆ, ದೇವದುರ್ಗದ ಸಂತೆ, ಎಲ್ಲೆಲ್ಲಿಗೆ ಈ ಲೆನ್ಸು ಹೊತ್ತು ಹೋಗಬೇಕೆಂದು ಮನಸ್ಸಿನಲ್ಲೇ ಬಸ್ಸು ಹತ್ತಿ ಇಳಿಯುತ್ತಿದ್ದ.

ಬಸಿ ಕೆಳಗಿಟ್ಟು ನೋಡಿದರೆ ಲೆನ್ಸು ಇನ್ನೂ ಗುರುಶಾಂತಮ್ಮನ ಕೈಯಲ್ಲೇ ಇತ್ತು.

ಅವಳು ಅದನ್ನು ಫೋಟೋದಿಂದ ತನ್ನ ಅಂಗೈಗೆ ಸರಿಸಿದ್ದಳು. ಅಂಗೈಯಿಂದ ಬಳೆಗೆ, ಬಳೆಯಿಂದ ಸೀರೆಯ ಅಂಚಿಗೆ, ಅಂಚಿನಿಂದ ಮೊರದೊಳಗಿನ ಅಕ್ಕಿಗೆ. ಅಲ್ಲಿ ನಿಂತಳು.

"ಹಾ! ಇಲ್ಲಿದ್ದೀಯಾ ಕಳ್ಳ!" ಎಂದು ಒಂದು ಹಳ್ಳನ್ನು ಚಿಟಿಕೆಯಲ್ಲಿ ಎತ್ತಿ ಎಸೆದಳು. ಇನ್ನೊಂದು ಎಸೆದಳು. ಮೂರನೆಯದಕ್ಕೆ ಬಗ್ಗಿದವಳು ತಲೆ ಎತ್ತಲಿಲ್ಲ. ಬೆರಳಿನಿಂದ ಅಕ್ಕಿಯನ್ನು ಎರಡು ಪಾಲು ಮಾಡತೊಡಗಿದಳು. ಅತ್ತ ಇಡಿಯ ಕಾಳು, ಇತ್ತ ತುಂಡು ಕಾಳು. ಇತ್ತಲಿನ ಪಾಲು ಬೆಳೆಯುತ್ತ ಹೋಯಿತು.

ಈರಯ್ಯನಿಗೆ ಗೇಟಿನ ಹೊರಗೆ ಏನೋ ಕೆಲಸ ನೆನಪಾಯಿತು.

"ಶಂಭ್ಯಾ."

"ಏನವ್ವಾ?"

"ಇದು ನಂಬರ್ ಒನ್ನಾ?"

"ಹೌದವ್ವಾ, ಅದು…"

"ನೂರಕ್ಕ ಮೂವತ್ತು ನುಚ್ಚು ಅದಲ್ಲೋ! ಹೆತ್ತ ತಾಯಿ ಗಂಗಾಳಕ್ಕ ಇದು ಅಂದ್ರ, ಊರಾಗಿನ ಮಂದಿಗಿ ಏನು ಹಾಕ್ತೀಯೋ? ನಾಳಿಂದ ಗಿರಣಿಯಿಂದ ಹೊಂಡೂ ಒಂದೊಂದು ಚೀಲದ್ದೂ ಒಂದು ಹಿಡಿ ಇಲ್ಲಿ ಬರಬೇಕು. ನಾ ನೋಡಿದ ಮ್ಯಾಲೇ ಚೀಲದ ಬಾಯಿ ಹೊಲೀಬೇಕು. ಗೊತ್ತಾತಾ?"

ಅಂಗಳದ ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡರು. ತಾಯಣ್ಣ ಮೆಲ್ಲಗೆ ಮುಂದೆ ಬಂದು ಕೈ ಚಾಚಿದ. "ಯವ್ವಾ, ಆ ಲೆನ್ಸು… ಅದು ಈಗ ನಂದು ಆಗ್ಯದ್ರಿ."

"ನಿಂದೇನು ತಮ್ಮಾ?" ಗುರುಶಾಂತಮ್ಮ ಮುಖವೆತ್ತಿದಳು. ಬೆಳಗಿನ ಸಿಟ್ಟಿನ ಗುರುತೂ ಇಲ್ಲದ ಅಕ್ಕರೆಯ ಮುಖ. "ಹತ್ತು ವರ್ಷ ಆತು ನೋಡು, ನಾ ಉಣ್ಣೂ ಕಾಳು ನನ್ನ ಕಣ್ಲೇ ನೋಡಿ. ಮೂಗಿನ ಮ್ಯಾಲ ಭಾರ ಇಲ್ಲ, ಕಿವಿಗಿ ಕಟ್ಟೂದಿಲ್ಲ. ನಿನ್ನ ಹೊಟ್ಟಿ ತಣ್ಣಗಿರಲಿ. ನಿನಗ ಕಣ್ಣು ಚಲೋ ಅದಾವು, ನಿನಗ್ಯಾಕ ಇದು? ನನಗ ಕೊಡ್ತಿ ಹೌದಿಲ್ಲೊ?"

ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಾಯಣ್ಣ ಅದನ್ನು ಜೋಡಿಸಿ ನಮಸ್ಕಾರ ಮಾಡಿದ. "ಇಟ್ಕೋರಿ ಯವ್ವಾ."

ಗುರುಶಾಂತಮ್ಮ ಲೆನ್ಸನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗೇಟಿನ ತನಕ ಕಳಿಸಲು ಬಂದ ಶಂಭುಲಿಂಗಪ್ಪನ ಮುಖ ತಾಯಣ್ಣನ ಮುಖಕ್ಕಿಂತ ಸಣ್ಣದಾಗಿತ್ತು. ಅವನು ಹಿಂದೆ ಮುಂದೆ ನೋಡಿ ಕಿವಿಯ ಹತ್ತಿರ ಬಂದ. "ಮಾಸ್ತರ, ನಿನ್ನ ಕಾಲು ಬೀಳ್ತೀನಿ. ಹೆಂಗಾರ ಮಾಡಿ ಅದನ್ನ ಅವ್ವನ ಕೈಯಿಂದ ಬಿಡಿಸಿಕೊಂಡು ಹೋಗು. ಅಲಮಾರಿಯಾಗಿಂದು ಇನ್ನೊಂದು ಬೇಕಾದ್ರೂ ಕೊಡ್ತೀನಿ."

"ಇನ್ನೊಂದು?" ತಾಯಣ್ಣನ ಜೀವ ಮರಳಿ ಬಂತು.

"ಅವ್ವನ ಕೈಯಿಂದ ಅದು ಬಿಟ್ರ ಇನ್ನೊಂದು. ಇಲ್ಲಂದ್ರ ಇಲ್ಲ."

ಅಷ್ಟರಲ್ಲಿ ಕಟ್ಟೆಯ ಮೇಲಿಂದ ಗುರುಶಾಂತಮ್ಮನ ದನಿ ಅಂಗಳ ದಾಟಿ ಬಂತು. ದೂರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ತಮ್ಮಾ, ಏ ಮಾಸ್ತರ! ನಾ ಹೇಳಿದ ಫೋಟೋ ಇನ್ನೂ ಬಾಕಿ ಅದ, ಮರೀಬ್ಯಾಡ! ಪಾದ, ಬಳಿ, ಸೊಸಿ, ಎಮ್ಮಿ, ಗಿರಣಿ, ಬೋರ್ಡು, ಕೊಳವಿ! ಬರೂ ಐತ್ವಾರ ಬಾ. ಈ ಗಾಜು ಬೇಕಾದ್ರ ಅವತ್ತೊಂದು ತಾಸು ಕೊಡ್ತೀನಿ!"

ತಾಯಣ್ಣ ಚೀಲ ತೆರೆದು, ಖಾಲಿ ಬಿದ್ದ ಕ್ಯಾಮೆರಾದ ಮೂತಿಗೆ ತನ್ನ ಬೂಸಲು ಹತ್ತಿದ ಲೆನ್ಸನ್ನೇ ಮತ್ತೆ ತಿರುವಿದ. ಅದರ ಕಿಂಡಿಯೊಳಗಿಂದ ಒಮ್ಮೆ ಹಿಂದಿರುಗಿ ನೋಡಿದ. ಗಿರಣಿ, ಬೋರ್ಡು, ಹೊಗೆ ಕೊಳವೆ, ಕಟ್ಟೆಯ ಮೇಲಿನ ಮುದುಕಿ, ಎಲ್ಲವೂ ಕಂಡವು. ಎಲ್ಲದರ ಮೇಲೂ ಮಂಜು ಬಿದ್ದಿತ್ತು.

"ಆತ್ರಿ ಯವ್ವಾ," ಎಂದು ಕೂಗಿ ಹೇಳಿ, ಏಟು ಬಿದ್ದ ಕಾಲನ್ನು ಎಳೆಯುತ್ತ ಮನೆಯ ದಾರಿ ಹಿಡಿದ.